ಕೆಲಸಕ್ಕೆ ಸಾಕು, ಸೇಡಿಗೆ ಸಾಲದು

ಆಸ್ಪತ್ರೆಯ ಅಡುಗೆಮನೆಯಲ್ಲಿ ಹತ್ತು ಹನ್ನೆರಡು ಜನ ಸೌಟು ಹಿಡಿದು ನೋಡುತ್ತಿರುವಾಗ ನಿಧಾನಪ್ಪ ತಾನು ತಂದಿದ್ದ ಬಿಳಿ ಕೋಟುಗಳಲ್ಲೊಂದರೊಳಗೆ ತೋಳು ತೂರಿಸಿದ. ಅಳತೆ ಹೇಗಿದೆಯೋ ನೋಡೋಣ, ಒಂದು ಹಾಕಿ ತೋರಿಸಿ ಎಂದು ಮೇಲ್ವಿಚಾರಕಿ ಕೇಳಿದ್ದಳು. ಹೀಗೆ ನಾಲ್ಕು ಜನರೆದುರು ಬಟ್ಟೆ ತೊಟ್ಟು ನಿಲ್ಲುವ ಅವಕಾಶ ಐವತ್ತೆರಡು ವರ್ಷದ ಗಂಡಸಿಗೆ ದಿನಾ ಬರುವಂಥದ್ದಲ್ಲ. ಅವನು ಗುಂಡಿ ಹಾಕಿಕೊಂಡು, ಹೊಟ್ಟೆಯನ್ನು ಆದಷ್ಟು ಒಳಗೆಳೆದುಕೊಂಡು, ಎದೆಯ ಮೇಲಿನ ನೀಲಿ ದಾರದ ಕಸೂತಿ ಎಲ್ಲರಿಗೂ ಕಾಣುವಂತೆ ಒಂದು ಸುತ್ತು ತಿರುಗಿದ.

ಮೇಲ್ವಿಚಾರಕಿ ಕನ್ನಡಕ ಏರಿಸಿಕೊಂಡು ಓದಿದಳು. ಇನ್ನೊಮ್ಮೆ ಓದಿದಳು. ಮೂರನೆಯ ಸಲ ಎಲ್ಲರಿಗೂ ಕೇಳುವಂತೆ ಓದಿದಳು: "ಅಸಹಾಯಕ."

ಬರಬೇಕಾಗಿದ್ದದ್ದು 'ಅ. ಸಹಾಯಕ'. ಅಡುಗೆ ಸಹಾಯಕ ಎಂಬುದನ್ನು ಜೇಬಿನ ಮೇಲೆ ಜಾಗ ಸಾಲದೆಂದು ಆಸ್ಪತ್ರೆಯವರೇ ಹಾಗೆ ಚಿಕ್ಕದು ಮಾಡಿ ಬರೆದುಕೊಟ್ಟಿದ್ದರು. ಒಂದು ಚುಕ್ಕಿ ಬಿದ್ದುಹೋಗಿ, ಅದರ ಪಕ್ಕದ ಸಂದಿಯೂ ಮುಚ್ಚಿಕೊಂಡು, ಸಹಾಯಕ್ಕೆಂದು ನೇಮಿಸಿಕೊಂಡ ನಲವತ್ತು ಜನ ಒಂದೇ ಏಟಿಗೆ ದಿಕ್ಕಿಲ್ಲದವರಾಗಿಬಿಟ್ಟಿದ್ದರು.

"ಇದೇನ್ರೀ, ನಮ್ಮ ಜನಕ್ಕೆ ಕೋಟು ತಂದಿದೀರೋ, ನಿಮ್ಮ ಆತ್ಮಕಥೆ ತಂದಿದೀರೋ?" ಎಂದು ಮೇಲ್ವಿಚಾರಕಿ ಕೇಳಿದಳು.

ಸೌಟುಗಳು ನಕ್ಕವು. ಅವಳು ಮಾತ್ರ ನಗಲಿಲ್ಲ. ನಲವತ್ತು ಕೋಟನ್ನೂ ಹಿಂದಕ್ಕೆ ಕಟ್ಟಿಸಿದಳು. ಇನ್ನು ಚುಕ್ಕಿಯ ಸಹವಾಸವೇ ಬೇಡ, ಜೇಬಿನ ಮೇಲೆ ಎರಡು ಸಾಲಾದರೂ ಸರಿ, 'ಅಡುಗೆ ಸಹಾಯಕ' ಎಂದು ಪೂರ್ತಿ ಬರಲಿ, ಹತ್ತು ದಿನದೊಳಗೆ ಬರಲಿ ಎಂದಳು. ಸರಿಯಾಗಿ ಬಂದರೆ ಎಂಟು ವಾರ್ಡುಗಳ ಆರುನೂರು ಕೋಟಿನ ಕೆಲಸ ಇವರಿಗೇ. ಬರದಿದ್ದರೆ ಊರಿನ ಆಚೆ ತುದಿಯಲ್ಲಿ ಇನ್ನೊಬ್ಬ ಕಸೂತಿಯವನಿದ್ದಾನೆ. ಅವನಿಗೆ ಚುಕ್ಕಿ ಇಡಲು ಬರುತ್ತದಂತೆ.

ನಿಧಾನಪ್ಪ ಗಂಟು ಹೊತ್ತುಕೊಂಡು ಹೊರಟ ಅವಸರಕ್ಕೆ ಮೈಮೇಲಿನ ಕೋಟು ಬಿಚ್ಚುವುದನ್ನೇ ಮರೆತು ಬಸ್ಸು ಹತ್ತಿದ. ಮುಂದಿನ ಸೀಟಿನಲ್ಲಿದ್ದ ಮುದುಕಿಯೊಬ್ಬಳು ಅವನ ಎದೆಯ ಕಡೆ ನೋಡಿ, ಎದ್ದು ಜಾಗ ಬಿಟ್ಟುಕೊಟ್ಟಳು.

ನಿಧಾನಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಅವನು ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಅವನು ಒಂದು ನಿಘಂಟಿಗೆ ಬೆನ್ನು ಅಂಟಿಸಿ ಒಣಗಿಸುವಷ್ಟರಲ್ಲಿ ಭಾಷೆಗೆ ಹೊಸ ಪದಗಳು ಬಂದಿರುತ್ತವೆ ಎಂದು ಜೊತೆಯವರು ಆ ಹೆಸರು ಕೊಟ್ಟರು. ಮನೆಯವರಿಗೆ ಅದು ತಡವಾಗಿ ಗೊತ್ತಾಯಿತು, ಕೂಡಲೇ ಒಪ್ಪಿಗೆಯಾಯಿತು. ಅವನ ಹೆಂಡತಿಗೆ ಸೂಜಿ ಎಂಬ ಹೆಸರು ಬಂದದ್ದಕ್ಕೆ ಎರಡು ಕಾರಣ. ಒಂದು, ಅವಳ ಕೆಲಸ. ಇನ್ನೊಂದನ್ನು ಯಾರೂ ಅವಳೆದುರು ಹೇಳುವುದಿಲ್ಲ.

ಹನ್ನೊಂದು ವರ್ಷದ ಹಿಂದೆ, ಬಾಗಿಲು ಮುಚ್ಚಿದ ಒಂದು ಬಟ್ಟೆ ಕಾರ್ಖಾನೆಗೆ ಹೋಗಿ, ಮೂಲೆಯಲ್ಲಿ ಧೂಳು ಹೊದ್ದು ಕೂತಿದ್ದ ಕಸೂತಿ ಯಂತ್ರವನ್ನು ಸೂಜಿ ಆರಿಸಿ ತಂದಳು. ಅಂದು ಆ ಯಂತ್ರದ ಹೊಟ್ಟೆ, ಬೆನ್ನು, ಹಲ್ಲುಗಳನ್ನೆಲ್ಲ ಮುಟ್ಟಿ, ಕಿವಿಗೊಟ್ಟು, ಅರ್ಧ ದಿನ ಪರೀಕ್ಷೆ ಮಾಡಿದಳು. ತಾನು ಹೆಣ್ಣು ನೋಡಲು ಹೋದಾಗ ಅವಳು ತನ್ನ ಬಗ್ಗೆ ಇಷ್ಟು ವಿಚಾರಿಸಿರಲಿಲ್ಲ ಎಂದು ನಿಧಾನಪ್ಪನಿಗೆ ಆಗ ಕೊಂಚ ಬೇಸರವಾದದ್ದುಂಟು. ನೆಲಮಹಡಿಯ ಹಿಂದಿನ ಕೋಣೆ ಅವಳ ಕಾರ್ಖಾನೆಯಾಯಿತು. ಶಾಲೆಯ ಲಾಂಛನ, ಹೋಟೆಲಿನ ಟವೆಲು, ಕಾವಲುಗಾರರ ಟೋಪಿ, ಡ್ರೈವರುಗಳ ಹೆಸರು, ಎಲ್ಲವೂ ಅಲ್ಲಿಂದ ಹೊರಟವು. ಅವಳ ಓದು ಬೇಗ ನಿಂತಿತ್ತು. ಆದರೆ ಅಕ್ಷರವನ್ನು ದಾರದಲ್ಲಿ ಬರೆಯುವವಳಿಗೆ ಒತ್ತಿನ ಬಾಲ ಎಲ್ಲಿ ಮುಗಿಯಬೇಕು, ಕೊಂಬಿನ ದೀರ್ಘ ಎಷ್ಟು ಬಾಗಬೇಕು ಎಂಬುದು ಪಂಡಿತರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹನ್ನೊಂದು ವರ್ಷದಲ್ಲಿ ಒಂದು ಸೊನ್ನೆ ಹೆಚ್ಚು ಕಡಿಮೆಯಾದದ್ದಿಲ್ಲ.

ಆ ದಿನ ಕೋಟುಗಳ ಗಂಟು ಬಿಚ್ಚಿದಾಗ ಅವಳು ಕೂಗಾಡಲಿಲ್ಲ. ಒಂದು ಕೋಟನ್ನು ಒಳಮೈ ತಿರುಗಿಸಿ ದಾರದ ಓಟ ನೋಡಿದಳು.

"ನಾನು ಚುಕ್ಕಿ ಇಟ್ಟಿದ್ದೆ," ಎಂದಳು. "ಮೊದಲು ಬಿಟ್ಟುಹೋಗಿತ್ತು, ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಿ ಯಂತ್ರಕ್ಕೆ ಕಳಿಸಿ ದಾರ ತರೋಕೆ ಹೋದೆ. ಹಸಿರು ಗುಂಡಿ ಒತ್ತಿದ್ದು ನೀವು. ಒತ್ತೋ ಮುಂಚೆ ಓದಲಿಲ್ವಾ?"

ನಿಧಾನಪ್ಪ ಓದಿದ್ದ. ಏನು ಬರೆದಿರಬೇಕೆಂದು ಮೊದಲೇ ಗೊತ್ತಿದ್ದರಿಂದ ಅವನ ಕಣ್ಣು ಚುಕ್ಕಿಯನ್ನು ತಾನೇ ಇಟ್ಟುಕೊಂಡು ಓದಿತ್ತು. ಹಾಗೆಂದು ವಿವರಿಸಿದ. ಪುಸ್ತಕಗಳ ನಡುವೆ ಇಪ್ಪತ್ತೆಂಟು ವರ್ಷ ಕಳೆದವನ ಬಾಯಲ್ಲಿ ಆ ವಿವರಣೆ ಅವನಿಗೇ ಚೆನ್ನಾಗಿ ಕೇಳಿಸಲಿಲ್ಲ.

ಸೂಜಿ ಗಡಿಯಾರದ ಕಡೆ ನೋಡಿ ಲೆಕ್ಕ ಹಾಕಿದಳು. ಅವಳು ತಿದ್ದಿದ್ದನ್ನು ಕಳಿಸಿದ್ದು ಹನ್ನೊಂದು ಹೊಡೆದು ಐದು ನಿಮಿಷಕ್ಕೆ. ಆ ಹೊತ್ತಿಗೆ ನೆಟ್ಟು ಇರಲಿಲ್ಲ. ತಿದ್ದಿದ ಅಕ್ಷರ ಕಂಪ್ಯೂಟರಿನ ಹೊಸ್ತಿಲಲ್ಲೇ ನಿಂತಿತ್ತು. ಯಂತ್ರದ ಹೊಟ್ಟೆಯಲ್ಲಿದ್ದದ್ದು ಹಳೆಯದು, ಅದನ್ನೇ ಅದು ನಲವತ್ತು ಸಲ ಪ್ರಾಮಾಣಿಕವಾಗಿ ಹೊಲಿದಿತ್ತು. ಪೆನ್‌ಡ್ರೈವ್ ತೂರಿಸೋಣವೆಂದರೆ ಯಂತ್ರದ ಆ ಕಿಂಡಿ ಮೂರು ವರ್ಷದ ಹಿಂದೆಯೇ ಕಣ್ಣು ಮುಚ್ಚಿತ್ತು. ಅಕ್ಷರ ಒಳಗೆ ಹೋಗಬೇಕಾದರೆ ವೈಫೈ ಒಂದೇ ದಾರಿ.

ಆ ದಾರಿಯ ಸುಂಕದ ಕಟ್ಟೆಯಲ್ಲಿ ಕೂತಿದ್ದವನು ನಿಧಾನಪ್ಪನ ಅಣ್ಣ.

ಮನೆ ಮೂರು ಮಹಡಿಯದು. ಕೆಳಗೆ ನಿಧಾನಪ್ಪ, ಸೂಜಿ, ಯಂತ್ರ. ಮೇಲಿನ ಎರಡರಲ್ಲಿ ಅಣ್ಣ ಮತ್ತು ಅತ್ತಿಗೆ. ಕೈಯಲ್ಲಿ ಕಾಸು ಬಂದಾಗೊಮ್ಮೆ ಒಂದೊಂದು ಕೋಣೆ ಎಬ್ಬಿಸಿದ ಮನೆಯಾದ್ದರಿಂದ ಒಂದು ಗೋಡೆ ಗೇಣು ದಪ್ಪ, ಇನ್ನೊಂದು ಮೊಳ ದಪ್ಪ. ನಡುವೆ ಕಬ್ಬಿಣದ ಮೆಟ್ಟಿಲು. ಈ ಮನೆಯಲ್ಲಿ ನೆಟ್ಟಿಗೆ ಬಾಯಿ ತೆರೆದು ಕೂತಿದ್ದವು ಎರಡು ಟೀವಿ, ಆರು ಫೋನು, ಗೇಟಿನ ಕ್ಯಾಮೆರಾ, ನೀರಿನ ಮೋಟಾರಿನ ಸ್ವಿಚ್ಚು, ಅಣ್ಣನ ರಕ್ತದೊತ್ತಡ ಅಳೆಯುವ ಪಟ್ಟಿ, ಎರಡು ಕಂಪ್ಯೂಟರು, ಒಂದು ಪ್ರಿಂಟರು, ಮತ್ತೆ ಯಾರಿಗೂ ಏನೆಂದು ತಿಳಿಯದ, ತೆಗೆಯಲು ಮಾತ್ರ ಧೈರ್ಯವಿಲ್ಲದ ಒಂದು ಬಿಳಿ ಡಬ್ಬಿ.

ಅಣ್ಣ ಫ್ಯಾನು ಮತ್ತು ದೀಪ ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಮ್ಯಾನೇಜರಾಗಿ ನಿವೃತ್ತನಾದವನು. ಹಾಗಾಗಿ ವೈರು ಇರುವ ಯಾವ ವಸ್ತುವಿನ ವಿಷಯದಲ್ಲೂ ಮನೆಯಲ್ಲಿ ಅವನದೇ ಕೊನೆಯ ಮಾತು. ನೆಟ್ಟಿನ ಸಂಪರ್ಕ ಇದ್ದದ್ದು ನಿಧಾನಪ್ಪನ ಹೆಸರಿನಲ್ಲಿ, ಬೀದಿಯ ಕಂಬದಿಂದ ತಂತಿ ಒಳಗೆ ಬರುತ್ತಿದ್ದದ್ದು ಸೂಜಿಯ ಕೋಣೆಯ ಕಿಟಕಿಯಿಂದ. ಆದರೆ ಅಲ್ಲಿಂದ ಒಂದು ಕರಿಯ ಕೇಬಲ್ಲು ನೇರ ಎರಡನೆಯ ಮಹಡಿಗೆ ಹತ್ತಿ ಅಣ್ಣನ ರೌಟರಿಗೆ ಸೇರುತ್ತಿತ್ತು. ಅಂಗಡಿಯಲ್ಲಿದ್ದದ್ದರಲ್ಲೆಲ್ಲ ದುಬಾರಿಯದೆಂದು ಅವನು ತಂದ ಆ ರೌಟರಿಗೆ ಎಂಟು ಆಂಟೆನಾ. ಬೆನ್ನ ಮೇಲೆ ಬಿದ್ದು ಕಾಲಾಡಿಸುವ ಏಡಿಯ ಹಾಗೆ ಕಾಣುತ್ತಿತ್ತು. ಯಾರೂ ಮುಟ್ಟಬಾರದೆಂದು ಅದನ್ನು ತನ್ನ ಉಕ್ಕಿನ ಬೀರುವಿನೊಳಗಿಟ್ಟು, ಬಾಗಿಲಿಗೆ ಅಡ್ಡವಾಗುತ್ತವೆಂದು ಎಂಟು ಕಾಲನ್ನೂ ಮಡಿಸಿ, ಬೀಗ ಹಾಕಿದ್ದ. ಆಮೇಲೆ ಕೆಳಗಿನವರಿಗೆ ನೆಟ್ಟು ಸರಿಯಾಗಿ ಬರುವುದಿಲ್ಲವೆಂದರೆ ಅವರ ಫೋನು ಸರಿಯಿಲ್ಲ ಎನ್ನುತ್ತಿದ್ದ.

ದಿನಾ ಹನ್ನೊಂದರಿಂದ ಒಂದರವರೆಗೆ ಅವನು ತನ್ನ ಹಳೆಯ ಅಂಗಡಿಯ ನಿವೃತ್ತರ ಸಂಘದ ಅಧ್ಯಕ್ಷನಾಗಿ ವಿಡಿಯೋದಲ್ಲಿ ಸಭೆ ನಡೆಸುತ್ತಿದ್ದ. ಆ ಹೊತ್ತಿಗೆ ತನ್ನ ಮುಖ ಸ್ಪಷ್ಟವಾಗಿ ಕಾಣಲೆಂದು 'ಅತಿಥಿ' ಪಟ್ಟಿಯಲ್ಲಿರುವುದನ್ನೆಲ್ಲ ಕಡಿದುಬಿಡುತ್ತಿದ್ದ. ಸೂಜಿಯ ಕಂಪ್ಯೂಟರು, ಸೂಜಿಯ ಯಂತ್ರ ಎರಡೂ ಆ ಪಟ್ಟಿಯಲ್ಲಿದ್ದವು. ಅವಳಿಗೆ ಇದು ಗೊತ್ತಾದದ್ದು ಅಂದು, ಮೇಲೆ ಹತ್ತಿ ಕೇಳಿದಾಗ.

"ಅತಿಥಿ ಅಂದ್ರೆ ಗೌರವದ ಮಾತಲ್ವೇನಮ್ಮ?" ಎಂದ ಅಣ್ಣ. ಮನೆಯ ನೆಟ್ಟು ಮನೆಯವರಿಗೆ, ವ್ಯಾಪಾರದ ಯಂತ್ರವನ್ನು ಒಳಗೆ ಬಿಟ್ಟುಕೊಂಡದ್ದೇ ಹೆಚ್ಚು ಎಂದು ತಿಳಿಸಿಹೇಳಿದ. ನಲವತ್ತು ಕೋಟಿನ ಕತೆಯನ್ನು ಪೂರ್ತಿ ಕೇಳಿ, ತಲೆಯಾಡಿಸಿ, ಕೊನೆಗೆ ಅಂದ: "ಓದಿ ನೋಡಿ ಒತ್ತಬೇಕಿತ್ತು. ನೆಟ್ಟು ಯಾರಿಗೂ ಕಾಗುಣಿತ ಕಲಿಸಲ್ಲ."

ಪಕ್ಕದಲ್ಲಿ ನಿಂತಿದ್ದ ನಿಧಾನಪ್ಪನಿಗೆ, ಒತ್ತಿದವನು ನಾನು ಎಂದು ಹೇಳಬೇಕೆನ್ನಿಸಿತು. ಆ ಮಾತು ಗಂಟಲಿಗೆ ಬರುವಷ್ಟರಲ್ಲಿ ಅವರಿಬ್ಬರೂ ಮೆಟ್ಟಿಲಿಳಿದು ಮೊದಲ ಮಹಡಿಗೆ ಬಂದಿದ್ದರು.

ಸೂಜಿ ಮಾತಾಡಲಿಲ್ಲ. ಅವಳು ಚುಚ್ಚುತ್ತಿದ್ದಾಳೆಂದರೆ ಮನೆಯವರು ನಿಶ್ಚಿಂತೆಯಿಂದಿರುತ್ತಾರೆ. ಚುಚ್ಚುವುದು ನಿಂತಿತೆಂದರೆ ಸೂಜಿ ಮುರಿದು ಬಟ್ಟೆಯೊಳಗೆಲ್ಲೋ ಸಿಕ್ಕಿಕೊಂಡಿದೆ ಎಂದರ್ಥ, ಕೂರುವ ಮುಂಚೆ ನೋಡಿಕೊಳ್ಳಬೇಕು. ಊಟ ಮುಗಿದು ತಟ್ಟೆ ಎತ್ತುವಾಗ ಅವಳು ಒಂದೇ ಮಾತು ಹೇಳಿದಳು.

"ಅವರೇ ಇಳಿದು ಬಂದು ಕೇಳಬೇಕು. ಈ ಬಾಗಿಲಿಗೆ. ನನ್ನನ್ನು."

ಕ್ಷಮೆಯನ್ನೇ ಎಂದು ನಿಧಾನಪ್ಪ ಕೇಳಿದ. ಕ್ಷಮೆ ಯಾರಿಗೆ ಬೇಕು, ನೆಟ್ಟನ್ನು ಕೇಳಬೇಕು ಎಂದಳು.

ಮರುದಿನ ಬೆಳಿಗ್ಗೆ ಅಣ್ಣ ವಾಯುವಿಹಾರಕ್ಕೆ ಹೋದ ಹೊತ್ತಿನಲ್ಲಿ ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹಿಡಿದು ಮನೆಯೆಲ್ಲ ತಿರುಗಿದಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸೀಮೆಸುಣ್ಣ. ನೆಟ್ಟು ಬಲವಾಗಿದ್ದಲ್ಲಿ ನೆಲದ ಮೇಲೆ ಎರಡು ಗೆರೆ, ಸೊರಗಿದಲ್ಲಿ ಒಂದು, ಸತ್ತಲ್ಲಿ ಅಡ್ಡಗೆರೆ. ಕುಪ್ಪಸಕ್ಕೆ ಅಳತೆ ತೆಗೆಯುವ ಹಾಗೆ ಮನೆಗೆ ಅಳತೆ ತೆಗೆದಳು. ಅದನ್ನೆಲ್ಲ ಕಂದು ಕಾಗದದ ಮೇಲೆ ಇಳಿಸಿ, ಒಂದೊಂದು ಮಹಡಿಯನ್ನು ಒಂದೊಂದು ತುಂಡಾಗಿ ಕತ್ತರಿಸಿ, ಮೇಜಿನ ಮೇಲೆ ಒಂದರ ಮೇಲೊಂದು ಹಾಸಿದಳು. ಎಲ್ಲಿ ಬಿಗಿಯುತ್ತದೆ, ಎಲ್ಲಿ ಸಡಿಲ ಎಂಬುದು ತಾನಾಗಿ ಕಂಡಿತು. ಮೂರು ತುಂಡುಗಳೂ ಸೇರುವ ಜಾಗ ಅವಳ ಕೋಣೆಯ ಮೆಟ್ಟಿಲ ಬದಿಯ ಗೋಡೆ. ಉಕ್ಕಿನ ಬೀರುವಾಗಲಿ, ಎಂಟು ಕಾಲಾಗಲಿ ಬೇಕಾಗಿಯೇ ಇರಲಿಲ್ಲ. ಎರಡು ಕಾಲಿನದು ಸರಿಯಾದ ಜಾಗದಲ್ಲಿ ಕೂತರೆ ಸಾಕಿತ್ತು.

ಇನ್ನೊಂದು ವಿಷಯವನ್ನೂ ಅವಳು ಕಂಡುಹಿಡಿದಳು. ನೆಟ್ಟಿನ ಅಲೆ ಎರಡು ಬಗೆಯದು: ಒಂದು ಓಡುತ್ತದೆ, ಗೋಡೆ ಕಂಡರೆ ಹೆದರುತ್ತದೆ, ಇನ್ನೊಂದು ನಡೆಯುತ್ತದೆ, ಗೋಡೆ ದಾಟುತ್ತದೆ. ಅವಳ ಹಳೆಯ ಯಂತ್ರಕ್ಕೆ ಗೊತ್ತಿದ್ದದ್ದು ನಡೆಯುವುದು ಮಾತ್ರ. ಅಣ್ಣನ ಏಡಿ ಎರಡಕ್ಕೂ ಒಂದೇ ಹೆಸರಿಟ್ಟು, ಯಾರಿಗೆ ಯಾವುದು ಎಂಬುದನ್ನು ತಾನೇ ತೀರ್ಮಾನಿಸುತ್ತಿತ್ತು. ಒಡೆಯನ ಗುಣ ಡಬ್ಬಿಗೂ ಬಂದಿದೆ ಎಂದಳು ಸೂಜಿ. ನಿಧಾನಪ್ಪನಿಗೆ ನೆಮ್ಮದಿಯಾಯಿತು. ಚುಚ್ಚುವುದು ಮತ್ತೆ ಶುರುವಾಗಿತ್ತು.

ರೌಟರು ಮಾರುವ ಅಂಗಡಿಯವನು ಮೊದಲು ಏಡಿಗೇ ಅಣ್ಣನಂಥ ದೊಡ್ಡದೊಂದನ್ನು ತೆಗೆದು ತೋರಿಸಿದ. ಮೂರು ಮಹಡಿ ಅಂದಿರಲ್ಲ ಮೇಡಂ, ಇದು ಬಿಟ್ಟರೆ ಬೇರೆ ಇಲ್ಲ ಎಂದ. ಸೂಜಿ ಕಂದು ಕಾಗದದ ಮನೆಯನ್ನು ಅವನ ಗಾಜಿನ ಮೇಲೆ ಹಾಸಿದಳು. ಅಂಗಡಿಯವನು ಹೊಲಿಗೆ ಅಂಗಡಿ ಪಕ್ಕದ್ದು ಎಂದು ಹೇಳಬೇಕೆಂದಿದ್ದವನು, ನೋಡುತ್ತ ನೋಡುತ್ತ ಬಾಯಿ ಮುಚ್ಚಿದ. ಆಮೇಲೆ ಒಳಗಿನಿಂದ ಎರಡು ಚಿಕ್ಕ ಪೆಟ್ಟಿಗೆ ತಂದ, ಒಂದು ಬಿಳಿ, ಒಂದು ಬೂದು.

ಬಿಳಿಯದು ಬಲು ಅಗ್ಗ. ಎರಡು ಅಲೆಗೂ ಬೇರೆ ಬೇರೆ ಹೆಸರಿಡಬಹುದು, ಮೂವತ್ತು ವಸ್ತುಗಳವರೆಗೆ ತಡೆದುಕೊಳ್ಳುತ್ತದೆ, ಹಿಂದೆ ಕೇಬಲ್ಲಿಗೆ ನಾಲ್ಕು ಕಿಂಡಿ. ನಿಧಾನಪ್ಪ ಆಗಲೇ ಜೇಬಿಗೆ ಕೈ ಹಾಕಿದ. ಬೂದುಬಣ್ಣದ್ದರಲ್ಲೂ ಇದೆಲ್ಲ ಇತ್ತು, ಬೆಲೆ ಮಾತ್ರ ಬಿಳಿಯದರ ಒಂದೂವರೆ ಪಟ್ಟು.

"ಇದರಲ್ಲಿ ಹೆಚ್ಚೇನಿದೆ?" ಎಂದು ಸೂಜಿ ಕೇಳಿದಳು.

ಮನೆಯಲ್ಲಿ ಯಾವ ವಸ್ತುವಿಗೆ ಎಷ್ಟು ನೆಟ್ಟು, ಯಾವ ಹೊತ್ತಿನಲ್ಲಿ ಎಷ್ಟು ಎಂದು ಅಳೆದು ಬಿಡಬಹುದು ಎಂದ ಅಂಗಡಿಯವನು. ಹೆಚ್ಚಿನವರಿಗೆ ಅದು ಬೇಕಾಗುವುದಿಲ್ಲ ಎಂದೂ ಸೇರಿಸಿದ.

"ಪೂರ್ತಿ ನಿಲ್ಲಿಸೋದಲ್ಲ. ಸಣ್ಣ ಮಾಡೋಕಾಗುತ್ತಾ?"

"ಎಷ್ಟು ಸಣ್ಣ ಬೇಕಾದ್ರೂ, ಮೇಡಂ."

ನಿಧಾನಪ್ಪ ಹೆಂಡತಿಯನ್ನು ಪಕ್ಕಕ್ಕೆ ಕರೆದು, ತನ್ನ ಇಡೀ ದಾಂಪತ್ಯದ ಅನುಭವವನ್ನು ಒಟ್ಟುಗೂಡಿಸಿ, ಮೆತ್ತಗೆ ಹೇಳಿದ: ಬಿಳಿಯದು ಸಾಕಲ್ಲವೇ, ಕೋಟು ಮುಗಿಯಬೇಕು ತಾನೇ, ಉಳಿದ ಕಾಸಿಗೆ ಒಳ್ಳೆಯ ದಾರ ಬರುತ್ತದೆ.

"ಬಿಳೀದು ಕೆಲಸಕ್ಕೆ ಸಾಕು," ಎಂದಳು ಸೂಜಿ. "ಸೇಡಿಗೆ ಸಾಲದು."

ಬೂದುಬಣ್ಣದ್ದನ್ನು ಕಟ್ಟುವಾಗ ಅಂಗಡಿಯವನು, ಇದು ಹಳೇ ಮಾಡೆಲ್ ಮೇಡಂ, ಆಮೇಲೆ ಹೇಳಲಿಲ್ಲ ಅನ್ನಬೇಡಿ ಎಂದ. ನನ್ನ ಯಂತ್ರವೂ ಹಳೆಯದು, ಗಂಡನೂ ಹಳಬ, ಹೊಂದಿಕೊಂಡು ಹೋಗುತ್ತದೆ ಎಂದು ಅವಳು ಪೆಟ್ಟಿಗೆ ಎತ್ತಿಕೊಂಡಳು. ಅಷ್ಟಾದರೂ ಅದು ಏಡಿಯ ಬೆಲೆಯ ಕಾಲುಭಾಗವೂ ಇರಲಿಲ್ಲ.

ಜೋಡಣೆಗೆ ಒಂದು ಬೆಳಗಿನ ವಾಯುವಿಹಾರ ಸಾಕಾಯಿತು. ಕಿಟಕಿಯಿಂದ ಬರುವ ತಂತಿ ಮೊದಲು ಬೂದು ಡಬ್ಬಿಗೆ. ಮೇಲೆ ಹೋಗುವ ಕರಿಯ ಕೇಬಲ್ಲನ್ನು ಕಿತ್ತು, ಬೂದು ಡಬ್ಬಿಯ ಹಿಂದಿನ ಒಂದು ಕಿಂಡಿಗೆ. ಅಷ್ಟೇ. ಮನೆಯ ಯಜಮಾನನಾಗಿದ್ದ ಏಡಿ, ತನಗೇ ಗೊತ್ತಿಲ್ಲದೆ, ಕೆಳಗಿನ ಮನೆಯ ಪಟ್ಟಿಯಲ್ಲಿ ಒಂದು ವಸ್ತುವಾಯಿತು. ಅದಕ್ಕೆ ಹೆಸರು ಕೊಡಬೇಕಾಗಿ ಬಂದಾಗ ನಿಧಾನಪ್ಪನಿಗೆ ಉಮೇದು ಬಂದು, 'ಅಸಹಾಯಕ' ಎಂದಿಡೋಣ ಎಂದ. ಅವಳು ಒಪ್ಪಲಿಲ್ಲ. 'ಮೇಲ್ಮಹಡಿ' ಎಂದು ಸಪ್ಪೆಯಾಗಿ ಬರೆದಳು.

"ಸೇಡಿಗೆ ತಮಾಷೆ ಬೆರೆಸಬಾರದು ರೀ. ನೀರು ಹಾಕಿದ ಹಾಗಾಗುತ್ತೆ."

ಅತ್ತಿಗೆಯ ಮೇಲೆ ಅವಳಿಗೆ ಹಗೆಯಿರಲಿಲ್ಲ. ಮೊದಲ ಮಹಡಿಯ ಟೀವಿ ಏಡಿಯ ಕೆಳಗೇ ಉಳಿದರೆ ಆ ಬಡಪಾಯಿಯ ಧಾರಾವಾಹಿಗೂ ಪೆಟ್ಟು. ಹಾಗಾಗಿ ಲಾಡಿ ಪೋಣಿಸುವ ಕಡ್ಡಿಗೆ ಕೇಬಲ್ಲಿನ ತುದಿ ಕಟ್ಟಿ, ಗೋಡೆಯೊಳಗಿನ ಹಳೆಯ ಕೊಳವೆಯಲ್ಲಿ ತೂರಿಸಿ, ಟೀವಿಗೆ ಬೇರೆಯೇ ಎಳೆ ಕೊಟ್ಟಳು. ಟಾರ್ಚು ಹಿಡಿದು ನಿಂತಿದ್ದವಳು ಅತ್ತಿಗೆಯೇ. ಇದೆಲ್ಲ ಯಾಕೆ ಎಂದು ಅವಳು ಕೇಳಲಿಲ್ಲ. ಮೂವತ್ತೊಂದು ವರ್ಷ ಅಣ್ಣನ ಜೊತೆ ಬಾಳಿದವಳಿಗೆ ಕಾರಣ ಕೇಳುವ ಅಗತ್ಯ ಕಾಣಲಿಲ್ಲ. "ನನ್ನ ಟೀವಿ ಬರುತ್ತಲ್ಲ, ನನಗೇನೂ ಗೊತ್ತಿಲ್ಲ," ಎಂದಳು. ಕೊಳವೆಯಿಂದ ಕಡ್ಡಿಯ ತುದಿ ಹೊರಗೆ ಬಂದಾಗ ಅದನ್ನು ಎಳೆದುಕೊಂಡವಳೂ ಅವಳೇ, ತುಸು ಹೆಚ್ಚೇ ಜೋರಾಗಿ.

ಆಮೇಲೆ ಕೋಟು. ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆ ಹಿಡಿದು ನಿಧಾನಪ್ಪ ಗ್ರಂಥಾಲಯಕ್ಕೆ ನಾಲ್ಕು ದಿನ ರಜೆ ಹಾಕಿ ಕೂತ. ತಾನು ಒತ್ತಿ ಮಾಡಿದ ನಲವತ್ತು ಅಸಹಾಯಕರನ್ನು ತಾನೇ ಎಳೆ ಎಳೆಯಾಗಿ ಬಿಡಿಸಿದ. ಬಟ್ಟೆಗೆ ಒಂದು ಗೀರೂ ಬೀಳಲಿಲ್ಲ. ನಿಧಾನ ಎಂಬುದು ಎಲ್ಲಾದರೂ ಒಂದು ಕಡೆ ಗುಣವಾಗಲೇಬೇಕಲ್ಲ. ಸೂಜಿ ಅಕ್ಷರ ಕಳಿಸಿದಳು; ಅದು ಹೊಸ್ತಿಲಲ್ಲಿ ನಿಲ್ಲದೆ ನೇರ ಯಂತ್ರದ ಹೊಟ್ಟೆಗೆ ಇಳಿಯಿತು. ಎಂಟನೆಯ ದಿನವೇ ನಲವತ್ತು ಅಡುಗೆ ಸಹಾಯಕರು ಆಸ್ಪತ್ರೆ ಸೇರಿದರು. ಮೇಲ್ವಿಚಾರಕಿ ನಲವತ್ತನ್ನೂ ಒಂದೊಂದಾಗಿ ಓದಿ, ಎಂಟು ವಾರ್ಡುಗಳ ಪಟ್ಟಿ ಕೈಗೆ ಕೊಟ್ಟಳು. ಮೊದಲ ವಾರ್ಡು ಮೊದಲು, ಒಂದು ಮುಗಿಸಿ ತೋರಿಸಿದ ಮೇಲೆ ಇನ್ನೊಂದು ಎಂದಳು. ಕೋಟು ಹಾಕಿ ತೋರಿಸುವ ಮಾತು ಬರುವ ಮುಂಚೆಯೇ ನಿಧಾನಪ್ಪ ಬಾಗಿಲು ದಾಟಿದ್ದ.

ಇಲ್ಲಿಗೆ ಮುಗಿಸಬಹುದಿತ್ತು. ಕೆಲಸ ದಕ್ಕಿತ್ತು, ಹೆಸರು ಉಳಿದಿತ್ತು. ದೊಡ್ಡ ಮನಸ್ಸಿನವರು ಇಂಥ ಜಾಗದಲ್ಲಿ ನಿಲ್ಲುತ್ತಾರೆ ಎಂದು ನಿಧಾನಪ್ಪ ಬೈಂಡು ಹಾಕಿದ ಹಲವು ಪುಸ್ತಕಗಳಲ್ಲಿ ಬರೆದಿದೆ. ಸೂಜಿ ಆ ಪುಸ್ತಕಗಳನ್ನು ಓದಿರಲಿಲ್ಲ. ಮೊದಲ ವಾರ್ಡಿನ ಕೆಲಸ ಶುರುವಾದ ದಿನ ಹನ್ನೊಂದಕ್ಕೆ ಸರಿಯಾಗಿ ಅವಳು ಫೋನು ತೆಗೆದು, 'ಮೇಲ್ಮಹಡಿ'ಯ ಎದುರಿನ ಗೆರೆಯನ್ನು ಬೆರಳಿನಿಂದ ಎಡಕ್ಕೆ ಎಳೆದಳು. ಪೂರ್ತಿ ಎಳೆಯಲಿಲ್ಲ.

"ದಾರ ಕಡಿದ್ರೆ ಕೂಡಲೇ ಗೊತ್ತಾಗುತ್ತೆ, ಎಲ್ಲರೂ ಬಂದು ನೋಡ್ತಾರೆ," ಎಂದಳು. "ಬಿಗಿ ಸ್ವಲ್ಪ ತಪ್ಪಿಸಬೇಕು. ಬಟ್ಟೆ ಸುಕ್ಕಾಗುತ್ತೆ, ಯಾಕೆ ಅಂತ ಗೊತ್ತಾಗಲ್ಲ."

ಅಣ್ಣನ ಸಭೆ ಸುಕ್ಕಾಗತೊಡಗಿತು. ಅಧ್ಯಕ್ಷೀಯ ಭಾಷಣದ ನಡುವೆ ಅವನ ಮುಖ ಬಾಯಿ ತೆರೆದಂತೆಯೇ ನಿಂತುಬಿಡುವುದು. ನಾಲ್ಕು ನಿಮಿಷದ ಮೇಲೆ ಬಾಯಿ ಮುಚ್ಚುವುದು, ಆದರೆ ಮಾತು ಅದಕ್ಕೂ ಹಿಂದಿನದು. ಸದಸ್ಯರು ಮೊದಲು ಕಾದರು. ಆಮೇಲೆ ಅಧ್ಯಕ್ಷರು ಬಾಯಿ ಮುಚ್ಚುವವರೆಗೆ ಚಹಾ ಮಾಡಿಕೊಂಡು ಬರುವ ಪದ್ಧತಿ ಬಂತು. ಒಂದು ಗಂಟೆಗೆ ಸಭೆ ಮುಗಿದ ಕೂಡಲೇ ನೆಟ್ಟು ಹೊಳೆಯಂತೆ ಹರಿಯುವುದು. ಅಣ್ಣ ಸಂಪರ್ಕದ ಕಂಪನಿಯವನನ್ನು ಕರೆಸಿದ; ಅವನು ಬಂದದ್ದು ಮೂರು ಗಂಟೆಗೆ, ಎಲ್ಲ ಸರಿಯಾಗಿದೆ ಎಂದು ಹೋದ. ಅಣ್ಣ ಬೀರುವಿನ ಬೀಗ ತೆಗೆದು ಎಂಟು ಕಾಲುಗಳನ್ನೂ ನೆಟ್ಟಗೆ ನಿಲ್ಲಿಸಿದ. ಏಡಿಯನ್ನು ಕಿಟಕಿಯ ಮೇಲಿಟ್ಟ, ಮಂಚದ ಮೇಲಿಟ್ಟ. ಕೊನೆಗೆ ಅದನ್ನು ಮೂಲೆಗೆಸೆದು, ಇನ್ನೂ ದುಬಾರಿಯಾದ, ಹನ್ನೆರಡು ಕಾಲಿನದೊಂದನ್ನು ತಂದ. ಸೂಜಿಯ ಪಟ್ಟಿಯಲ್ಲಿ ಹೊಸ ವಸ್ತುವೊಂದು ಕಾಣಿಸಿಕೊಂಡಿತು. ಅವಳು ಅದಕ್ಕೂ 'ಮೇಲ್ಮಹಡಿ' ಎಂದೇ ಬರೆದು, ಅದೇ ಜಾಗಕ್ಕೆ ಗೆರೆ ಎಳೆದಳು.

ನಿಧಾನಪ್ಪನಿಗೆ ಮೆಟ್ಟಿಲ ಮೇಲೆ ಅಣ್ಣ ಸಿಕ್ಕಿ, ನಿಮಗೆ ಕೆಳಗೆ ನೆಟ್ಟು ಹೇಗಿದೆಯೋ ಎಂದು ಕೇಳಿದ. ಚಿಕ್ಕಂದಿನಲ್ಲಿ ಸೈಕಲ್ಲು ಕಲಿಸುವಾಗ ಹಿಂದೆ ಹಿಡಿದುಕೊಂಡು ಓಡಿದವನು ಈ ಅಣ್ಣನೇ. ಹೇಳದೆ ಕೈಬಿಟ್ಟು ಚರಂಡಿಗೆ ಬೀಳಿಸಿದವನೂ ಇವನೇ. ಎರಡನ್ನೂ ತೂಗಿ ನೋಡುತ್ತ ನಿಧಾನಪ್ಪ, ಮೋಡದಿಂದಿರಬೇಕು ಎಂದ. ಹೊರಗೆ ಕಣ್ಣು ಕುಕ್ಕುವ ಬಿಸಿಲಿತ್ತು. ಕೋಣೆಗೆ ಬಂದು ಹೆಂಡತಿಯನ್ನು, ಪಾಪ ಕಣೇ, ಇಷ್ಟು ಸಾಕಲ್ಲವೇ ಎಂದು ಕೇಳಿದ. ಅವಳು ದಾರದ ತುದಿ ಕತ್ತರಿಸುತ್ತ, ಕಾಗುಣಿತ ಕಲಿಯೋಕೆ ಟೈಮು ಹಿಡಿಯುತ್ತೆ ಎಂದಳು. ಅವಳಿಗೆ ಅಣ್ಣನ ಮೇಲಿದ್ದದ್ದು ಸಿಟ್ಟು ಎಂದುಕೊಂಡಿದ್ದ ನಿಧಾನಪ್ಪನಿಗೆ, ಅದು ಸಿಟ್ಟಿಗಿಂತ ಅಚ್ಚುಕಟ್ಟಾದ ಇನ್ನೇನೋ ಎಂದು ಆಗ ಹೊಳೆಯಿತು. ಅವಳು ಹೊಲಿದದ್ದು ಯಾವುದೂ ಅರ್ಧಕ್ಕೆ ನಿಂತದ್ದಿಲ್ಲ.

ಎರಡನೆಯ ವಾರ್ಡಿನ ಕೋಟುಗಳು ಬಂದ ವಾರ ಸಂಘದವರು, ಅಧ್ಯಕ್ಷರ ಮುಖ ಹಾಜರಿದ್ದರೂ ಮಾತು ಹಾಜರಿಲ್ಲದ ಕಾರಣ, ಹಂಗಾಮಿ ಅಧ್ಯಕ್ಷರನ್ನು ಆರಿಸಲು ಒಂದು ದಿನ ಗೊತ್ತುಮಾಡಿದರು. ಅದನ್ನು ವಿರೋಧಿಸಿ ಅಣ್ಣ ಮಾಡಿದ ಭಾಷಣ ಯಾರಿಗೂ ತಲುಪಲಿಲ್ಲ. ಸುದ್ದಿ ಕೆಳಗೆ ತಂದವಳು ಅತ್ತಿಗೆ. ಹೇಳಿ ಮುಗಿಸಿ, ತನಗೇನೂ ಗೊತ್ತಿಲ್ಲವೆಂದು ಇನ್ನೊಮ್ಮೆ ನೆನಪಿಸಿ, ಧಾರಾವಾಹಿಗೆ ಹೊತ್ತಾಯಿತೆಂದು ಹತ್ತಿಹೋದಳು.

ಮರುದಿನ ಹನ್ನೊಂದೂಕಾಲಿಗೆ ಕಬ್ಬಿಣದ ಮೆಟ್ಟಿಲು ಸದ್ದು ಮಾಡಿತು. ಸಭೆಯ ಹೊತ್ತಿನಲ್ಲಿ ಅಣ್ಣ ಕೆಳಗಿಳಿದದ್ದು ಅದೇ ಮೊದಲು. ಸಭೆಗೆಂದು ತೊಟ್ಟ ಇಸ್ತ್ರಿಯ ಅಂಗಿ ಮೇಲೆ, ಮನೆಯ ಪೈಜಾಮ ಕೆಳಗೆ. ಸೂಜಿಯ ಕೋಣೆಯ ಬಾಗಿಲಲ್ಲಿ ನಿಂತ. ಯಂತ್ರ ಓಡುತ್ತಿತ್ತು. ನಿಧಾನಪ್ಪ ನೆಲದ ಮೇಲೆ ಕೂತು ಕಸೂತಿಯ ಹಿಂದಿನ ಕಾಗದ ಕೀಳುತ್ತಿದ್ದವನು, ಕಾಗದದೊಳಗೆ ತಲೆ ಹುದುಗಿಸಿದ.

ಅಣ್ಣನ ಕಣ್ಣು ದಾರದ ಉಂಡೆಗಳ ಸಾಲಿನ ಮೇಲೆ ಹರಿದು, ಅದರ ಮೇಲಿನ ಹಲಗೆಯಲ್ಲಿ ಕೂತ ಪುಟ್ಟ ಬೂದು ಡಬ್ಬಿಯ ಮೇಲೆ ನಿಂತಿತು. ಅದರ ಹಿಂದಿನಿಂದ ಹೊರಟ ಕರಿಯ ಕೇಬಲ್ಲು ಗೋಡೆ ಹಿಡಿದು, ಮೆಟ್ಟಿಲ ಬದಿಯಿಂದ ಮೇಲಕ್ಕೆ ಹೋಗಿತ್ತು. ಅವನು ಅದನ್ನು ಕಣ್ಣಿನಲ್ಲೇ ಹತ್ತಿದ, ಕಣ್ಣಿನಲ್ಲೇ ಇಳಿದ. ನಲವತ್ತು ವರ್ಷ ವೈರಿರುವ ವಸ್ತು ಮಾರಿದವನು. ಎರಡನೆಯ ಸಲ ನೋಡಬೇಕಾಗಲಿಲ್ಲ. ಮುಖ ಕೆಂಪಾಯಿತು, ಬಾಯಿ ತೆರೆಯಿತು. ಆದರೆ ಹಂಗಾಮಿ ಅಧ್ಯಕ್ಷರ ಆಯ್ಕೆಗೆ ಮೂರೇ ದಿನ ಉಳಿದಿತ್ತು. ಅಣ್ಣ ಬಾಯಿ ಮುಚ್ಚಿ, ಗಂಟಲು ಸರಿಮಾಡಿಕೊಂಡು, ಹೊಸ್ತಿಲಿನ ಈಚೆಗೆ ಕಾಲಿಡದೆ ಕೇಳಿದ:

"ನನ್ನ ನೆಟ್ಟು ಯಾವಾಗ ಸರಿಹೋಗುತ್ತಮ್ಮ?"

ಸೂಜಿ ಯಂತ್ರ ನಿಲ್ಲಿಸಲಿಲ್ಲ. ಗೋಡೆಗೆ ಅಂಟಿಸಿದ ಪಟ್ಟಿಯನ್ನು ಒಮ್ಮೆ ನೋಡಿದಳು.

"ಎಂಟನೇ ವಾರ್ಡು ಮುಗಿದ ಮೇಲೆ, ಭಾವ. ಈಗ ಎರಡನೇದು ನಡೀತಿದೆ."